ಬೊಜ್ಜಿನೊಳಗಿನ ನೆಂಟರು

ಖಾಲ್ತಿ ತಾಮೂ, ಅಂದರೆ ತಾಮೂ ಚಿಕ್ಕಮ್ಮ, ಬರುವ ಸುದ್ದಿ ಆಕೆಗಿಂತ ಮೊದಲೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಂದೊಂದು ಮಹಡಿಗೂ ನಿಂತು, ಲಿಫ್ಟಿಲ್ಲದ ಕಟ್ಟಡ ಕಟ್ಟಿಸಿದ ಮಹಾನುಭಾವನ ಅಪ್ಪನನ್ನೂ ಅಜ್ಜನನ್ನೂ ವಿಚಾರಿಸಿಕೊಂಡು, ಏದುಸಿರು ಬಿಡುತ್ತ ಆಕೆ ಏರುತ್ತಿದ್ದಳು. ಕಾಸಾಬ್ಲಾಂಕಾದ ದರ್ಬ್ ಸುಲ್ತಾನ್ ಬಡಾವಣೆಯ ಆ ಮೂರನೆಯ ಮಹಡಿಯಲ್ಲಿ ಎಚ್‌ಐವಿ ಇರುವವರ ಸಂಘದ ಕಚೇರಿ. ಬಾಗಿಲಿಗೆ ಬೋರ್ಡು ಇರಲಿಲ್ಲ. ಬೇಕಾದವರಿಗೆ ದಾರಿ ಗೊತ್ತಿತ್ತು.

"ಕೆಲ್ತೂಮ್! ಬಾಗಿಲು ಅಗಲವಾಗಿ ತೆಗಿಯೇ. ನಾನೊಬ್ಳೇ ಅಲ್ಲ ಬರ್ತಿರೋದು, ದೊಡ್ಡ ಪಟಾಲಮ್ಮೇ ಬರ್ತಿದೆ!"

ಮೇಜಿನ ಮುಂದೆ ಬೆರಳು ಚುಚ್ಚುವ ಸೂಜಿಗಳನ್ನು ಜೋಡಿಸುತ್ತಿದ್ದ ಕೆಲ್ತೂಮ್ ಎದ್ದು ಹೋಗಿ ಬಾಗಿಲಿನ ಎರಡೂ ಕದ ತೆಗೆದಳು. ತಾಮೂ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಒಳಬಂದಳು. ತಟ್ಟೆಯ ಮೇಲೆ ಗುಡ್ಡದ ಹಾಗೆ ಪೇರಿಸಿದ ಸೆಲ್ಲೂ: ಹುರಿದ ಹಿಟ್ಟು, ಬಾದಾಮಿ, ಎಳ್ಳು, ಬೆಣ್ಣೆ, ಜೇನು. ರಂಜಾನಿನಲ್ಲಿ, ಬಾಣಂತನದಲ್ಲಿ ಮಾಡುವ ತಿಂಡಿ. ಈಗ ರಂಜಾನೂ ಮುಗಿದಿತ್ತು, ಯಾರೂ ಹೆತ್ತಿರಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಸೀ ಮೀಲೂದ್ ಕಾಲು ಮಡಚಿಕೊಂಡು ಜಾಗ ಬಿಟ್ಟ. ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬಡಕಲು ದೇಹ, ಚೂಪು ನಾಲಿಗೆ. ಆದರೂ ತಾಮೂವನ್ನು ಮರ್ಯಾದೆಗೆ ಲಲ್ಲಾ ಎಂದೇ ಕರೆಯುತ್ತಿದ್ದ.

"ಬಾಗಿಲು ತೆಗೆದ್ರೆ ಸಾಲದು ಲಲ್ಲಾ ತಾಮೂ, ಇನ್ನೊಂದು ತಿಂಗಳಿಗೆ ಗೋಡೇನೇ ಒಡೀಬೇಕಾಗುತ್ತೆ."

"ನಿನ್ನ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ವಾ? ನೀನು ಬಸ್ಸು ಓಡಿಸ್ತಿದ್ದಾಗ ನೀನು ಸ್ಟೇರಿಂಗ್ ತಿರುಗಿಸ್ತಿರಲಿಲ್ವಂತೆ, ಸ್ಟೇರಿಂಗೇ ನಿನ್ನ ತಿರುಗಿಸ್ತಿತ್ತಂತೆ. ತಗೋ, ಸೆಲ್ಲೂ ತಿನ್ನು. ನಿನಗೂ ಒಂದಿಷ್ಟು ಕಾವಲು ಬೇಕು."

ಕೆಲ್ತೂಮ್ ಆಕೆಯ ಬೆರಳನ್ನು ಒರೆಸಿ ಚುಚ್ಚಿ, ಪಟ್ಟಿಯ ಮೇಲೆ ರಕ್ತದ ಹನಿ ಹಿಡಿದಳು. ಯಂತ್ರ ತೋರಿಸಿದ ಸಕ್ಕರೆಯ ಅಂಕಿ ನೋಡಿ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಕೈ ಸರಿಯಾಗಿ ಒರೆಸಲಿಲ್ಲವೇನೋ, ಬೆರಳಿಗೆ ಜೇನು ಅಂಟಿತ್ತೇನೋ. ಇನ್ನೊಂದು ಬೆರಳನ್ನು ಸೋಪು ಹಾಕಿ ತೊಳೆಸಿ ಮತ್ತೆ ಚುಚ್ಚಿದಳು. ಅಂಕಿ ಇಳಿಯಲಿಲ್ಲ. ಹೋದ ಸಲಕ್ಕಿಂತ ಎಷ್ಟೋ ಮೇಲಿತ್ತು.

"ಬೆಳಿಗ್ಗೆ ಏನಾದ್ರೂ ತಿಂದ್ರಾ ಖಾಲ್ತಿ?"

"ಬರೀ ಹೊಟ್ಟೇಲಿ ಬಾ ಅಂದಿದ್ದೆಯಲ್ಲ. ನೀರೂ ಮುಟ್ಟಿಲ್ಲ."

"ನಿನ್ನೆ ರಾತ್ರಿ?"

"ಸೆಲ್ಲೂ."

"ಎಷ್ಟು?"

"ಕಾವಲಿನವರಿಗೆ ಎಷ್ಟು ಬೇಕೋ ಅಷ್ಟು."

"ಯಾವ ಕಾವಲಿನವರು ಖಾಲ್ತಿ?"

ತಾಮೂ ಬಾಯಿ ತೆರೆದು ಅವಳನ್ನೇ ನೋಡಿದಳು. "ಯಾವ ಕಾವಲಿನವರು ಅಂತ ನೀನು ಕೇಳ್ತೀಯಾ? ಎಲ್ಲರ ಮುಂದೆ ನಿಂತು ನೀನೇ ತಾನೇ ಹೇಳಿದ್ದು?" ಜಲ್ಲಾಬಾ ನಿಲುವಂಗಿಯ ಮೇಲಿಂದ ಹೊಟ್ಟೆಯನ್ನು ಪ್ರೀತಿಯಿಂದ ತಟ್ಟಿದಳು. "ಕಳೆದುಹೋಗಿದ್ದು ಇಲ್ಲಿ ಸಿಕ್ತು ಅಂತ. ಅವತ್ತಿಂದ ನಾನು ಇವರನ್ನ ಒಂದು ಹೊತ್ತೂ ಉಪವಾಸ ಕೆಡವಿಲ್ಲ ಕಣೇ."

ಕೆಲ್ತೂಮಳ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

ಏಡ್ಸ್ ಕಾಯಿಲೆಯ ಹೆಸರನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆಯುವ ಗ್ರಾಂಥಿಕ ಅರಬ್ಬಿಯಲ್ಲಿ ಬಿಡಿಸಿ ಓದಿದರೆ ತಡೆಶಕ್ತಿ ಕಳೆದುಹೋಗುವುದು ಎಂದು ಅರ್ಥ. ಸಂಘದ ಹೆಂಗಸರು ಅದನ್ನು ಇನ್ನೂ ಚಿಕ್ಕದು ಮಾಡಿ 'ಕಳೆದುಹೋದದ್ದು' ಎನ್ನುತ್ತಿದ್ದರು. ನಿನಗೆ ಕಳೆದುಹೋಗಿ ಎಷ್ಟು ವರ್ಷವಾಯಿತು, ನಿನ್ನ ಗಂಡನಿಗೂ ಕಳೆದುಹೋಗಿದೆಯಾ ಎಂದು ಟ್ರಾಮಿನಲ್ಲಿ ಕೂತೇ ಮಾತಾಡಬಹುದಿತ್ತು. ಪಕ್ಕದವರಿಗೆ ಅದು ಬಳೆಯೋ ಕೀಲಿಕೈಯೋ ಕಳೆದ ಮಾತು. ಹೀಗೆ ಕಳೆದುಹೋದದ್ದು ಮರಳಿ ಸಿಗಬಹುದೆಂದು ಯಾರೂ ಕನಸು ಕಂಡಿರಲಿಲ್ಲ.

ವಸಂತದ ಶುರುವಿನಲ್ಲಿ ಡಾಕ್ಟರ್ ಇಬ್ತಿಹಾಲ್ ಸಂಘಕ್ಕೆ ಬಂದಿದ್ದಳು. ಎಚ್‌ಐವಿ ಇರುವವರ ಹೊಟ್ಟೆಯ ಕೊಬ್ಬಿನಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಒಂದು ಅಧ್ಯಯನ. ಹೊಕ್ಕುಳ ಪಕ್ಕ ಮರಗಟ್ಟುವ ಮದ್ದು ಕೊಟ್ಟು, ಸೂಜಿಯಿಂದ ಬಟಾಣಿಯಷ್ಟು ಕೊಬ್ಬು ಎಳೆದುಕೊಳ್ಳುತ್ತಾರೆ. ಯಾರು ಕೊಡುತ್ತೀರಿ ಎಂದಾಗ ಮೊದಲು ಎದ್ದವಳು ತಾಮೂ. "ಬಟಾಣಿಯಷ್ಟು ಯಾಕಮ್ಮ, ಒಂದು ಕಿಲೋ ತಗೊಳ್ಳಿ. ಹಳೇ ಮಾತ್ರೆಗಳು ನನ್ನ ಕೆನ್ನೆ ಮೇಲಿದ್ದ ಕೊಬ್ಬನ್ನೆಲ್ಲ ಕಿತ್ತು ಹೊಟ್ಟೆಗೆ ಅಂಟಿಸಿವೆ. ಆಗೋದಾದ್ರೆ ಅಲ್ಲಿಂದ ತೆಗೆದು ಮತ್ತೆ ಇಲ್ಲಿಗೆ ಹಾಕಿ" ಎಂದು ಗುಳಿಬಿದ್ದ ಕೆನ್ನೆ ತೋರಿಸಿದ್ದಳು.

ಆಮೇಲೊಂದು ದಿನ ಡಾಕ್ಟರು ಅದರ ಚಿತ್ರಗಳನ್ನು ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದಳು. ಸೋಪಿನ ಗುಳ್ಳೆಗಳ ಹಾಗೆ ಒತ್ತೊತ್ತಾಗಿ ಕೂತ ಕೊಬ್ಬಿನ ಕೋಶಗಳು, ಅವುಗಳ ಸಂದಿಯಲ್ಲಿ ಬಣ್ಣ ಹಾಕಿದ ಚುಕ್ಕಿಗಳು. ಡಾಕ್ಟರು ಅರ್ಧ ಫ್ರೆಂಚಿನಲ್ಲಿ ಹೇಳಿದ್ದನ್ನು ಎಲ್ಲರಿಗೂ ತಿಳಿಯುವ ಮಾತಿಗೆ ತಿರುಗಿಸುವ ಕೆಲಸ ಕೆಲ್ತೂಮಳದು. ಹಿಂದಿನ ಸಂಜೆಯೆಲ್ಲ ಅವಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು.

"ಈ ಚುಕ್ಕಿಗಳು ತಡೆಶಕ್ತಿಯ ಕೋಶಗಳು. ಮೈ ಕಾಯೋ ಕಾವಲಿನವರು. ನಮ್ಮಂಥವರ ಹೊಟ್ಟೆಯ ಕೊಬ್ಬಲ್ಲಿ ಇವರು ಬೇರೆಯವರಿಗಿಂತ ಜಾಸ್ತಿ ಇದ್ದಾರೆ."

ಅಷ್ಟು ಸರಿಯಾಗಿತ್ತು. ಮುಂದಿನ ವಾಕ್ಯದಲ್ಲಿ ಡಾಕ್ಟರು ಒಂದು ಫ್ರೆಂಚ್ ಪದ ಬಳಸಿದಳು. ಕೆಲ್ತೂಮಳಿಗೆ ಗೊತ್ತಿದ್ದ ಅರ್ಥ ಕೀವು, ಸೋಂಕು. ಹೊಟ್ಟೆಯಲ್ಲಿ ಕೀವು ಎಂದರೆ ಜನ ಹೆದರಿ ಎದ್ದುಹೋಗುತ್ತಾರೆ. ಅದು ಆ ಅರ್ಥ ಅಲ್ಲವೆಂದೂ ಅವಳಿಗೆ ಅನಿಸಿತು. ಖಚಿತವಾಗಿ ಗೊತ್ತಿಲ್ಲದ್ದನ್ನು ಬರೆಯಬೇಡಿ, ಜಾಗ ಖಾಲಿ ಬಿಡಿ ಎಂದು ರಾತ್ರಿಶಾಲೆಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವಳು ಖಾಲಿ ಬಿಟ್ಟಳು, ಆಮೇಲೆ ಕೇಳಿ ಹೇಳಿದರಾಯಿತು ಎಂದುಕೊಂಡು. ಅಷ್ಟರಲ್ಲಿ ತಾಮೂ ಎದ್ದು ನಿಂತು, ನಾಲಿಗೆ ಆಡಿಸಿ, ಮದುವೆಮನೆಯಲ್ಲಿ ಕೂಗುವ ಹಾಗೆ ಉದ್ದಕ್ಕೆ ಯೂಯೂಯೂ ಎಂದು ಕೂಗಿಬಿಟ್ಟಳು. ಮಿಕ್ಕ ಹೆಂಗಸರೂ ಕೂಗಿದರು. ಚಿತ್ರ ಚೆನ್ನಾಗಿದೆ ಎಂದು ಕೂಗುತ್ತಿದ್ದಾರೆ ಎಂದೇ ಕೆಲ್ತೂಮ್ ತಿಳಿದಳು. ಡಾಕ್ಟರಿಗೆ ಫೋನು ಬಂತು, ಹೋದಳು.

ಆ ಪದವನ್ನು ಆಮೇಲೆ ಕೇಳಬೇಕೆಂದು ಕೆಲ್ತೂಮ್ ದಿನವೂ ಅಂದುಕೊಂಡಳು. ಇಷ್ಟು ದಿನ ಕಳೆದ ಮೇಲೆ ಕೇಳಿದರೆ ಇವಳು ಅವತ್ತು ಏನು ಹೇಳಿರಬಹುದು ಎಂದು ಡಾಕ್ಟರು ಯೋಚಿಸುವುದಿಲ್ಲವೇ ಎಂದು ದಿನವೂ ಸುಮ್ಮನಾದಳು. ಈಗ ಆ ಖಾಲಿ ಜಾಗದಲ್ಲಿ ತಾಮೂ ಸೆಲ್ಲೂ ತುಂಬಿಸಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಆವತ್ತೇ ಹೇಳಿಬಿಡುತ್ತಿದ್ದಳೇನೋ. ಆದರೆ ಇದು ತಾಮೂ. ಅತ್ತೆಮನೆಯವರು ರಕ್ತಪರೀಕ್ಷೆಯ ಮಾತು ಕೇಳಿದ ದಿನವೇ ಕೆಲ್ತೂಮಳ ಬಟ್ಟೆಗಂಟನ್ನು ಬೀದಿಗಿಟ್ಟಾಗ ಅವಳ ಮೈಯಲ್ಲಿ ಎಲುಬು ಬಿಟ್ಟರೆ ಚರ್ಮ. ಸಂಘದ ಇದೇ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವಳನ್ನು, ಯಾರು, ಏನು ಎಂದೂ ಕೇಳದೆ, ತಾಮೂ ಎಬ್ಬಿಸಿಕೊಂಡು ತನ್ನ ಒಂದೇ ಕೋಣೆಯ ಮನೆಗೆ ಕರೆದೊಯ್ದಿದ್ದಳು. ಹಸಿವಿಲ್ಲ ಎಂದರೆ, "ನೀನು ಹೇಳೋದು ನನಗೆ ಕೇಳಿಸ್ತು, ಸೆಲ್ಲೂಗೆ ಕೇಳಿಸ್ಲಿಲ್ಲ" ಎಂದು ಚಮಚ ಬಾಯಿಗಿಡುತ್ತಿದ್ದಳು. ಮಾತ್ರೆ ಅವಳನ್ನು ಉಳಿಸಿತು, ನಿಜ. ಆದರೆ ಆ ಮಾತ್ರೆ ನಿಲ್ಲುವುದಕ್ಕೆ ಮೈಯಲ್ಲಿ ಒಂದಿಷ್ಟು ನೆಲ ಮಾಡಿಕೊಟ್ಟವಳು ತಾಮೂ. ಅವಳ ಕೆನ್ನೆ ತುಂಬಿದ ದಿನ ಆಕೆ ಓಣಿಯವರಿಗೆಲ್ಲ ಚಹಾ ಮಾಡಿ ಕೊಟ್ಟಿದ್ದಳು, ಯಾಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕೊಬ್ಬೆಂದರೆ ಪ್ರೀತಿ ಎಂದು ಕಲಿಸಿದವಳಿಗೆ ಈ ಕೊಬ್ಬು ಒಳ್ಳೆಯದಲ್ಲ ಎಂದು ಹೇಳುವುದು ಹೇಗೆ? ಹೇಳದಿದ್ದರೆ ಆ ಅಂಕಿ ಸುಮ್ಮನಿರುತ್ತದೆಯೇ?

ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರ್ ಇಬ್ತಿಹಾಲ್ ಊಟದ ಹೊತ್ತಿನಲ್ಲಿ ಕಾರಿಡಾರಿನಲ್ಲೇ ನಿಂತು ಬ್ರೆಡ್ಡು ತಿನ್ನುತ್ತಿದ್ದಳು. ಕೆಲ್ತೂಮ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಯಿತು.

"ಡಾಕ್ಟ್ರೇ, ಅವತ್ತು ನೀವು ಹೇಳಿದ್ದರಲ್ಲಿ ಅರ್ಧ ನಾನು ನುಂಗಿಬಿಟ್ಟೆ. ಲಲ್ಲಾ ತಾಮೂ ಆ ಅರ್ಧಕ್ಕೆ ಬದಲು ಸೆಲ್ಲೂ ನುಂಗ್ತಿದ್ದಾರೆ."

ಡಾಕ್ಟರು ಮೊದಲು ನಕ್ಕಳು. ಅಂಕಿ ಕೇಳಿದ ಮೇಲೆ ನಗು ನಿಂತಿತು. ಬ್ರೆಡ್ಡನ್ನು ಕಿಟಕಿಯ ಮೇಲಿಟ್ಟು ನಿಧಾನವಾಗಿ ಹೇಳಿದಳು. ಮಾತ್ರೆ ತಗೊಂಡರೆ ವೈರಸ್ಸು ಮಲಗಿರುತ್ತದೆ, ಪೂರ್ತಿ ಹೋಗುವುದಿಲ್ಲ. ಕೊಬ್ಬಿನಂಥ ಮೂಲೆಗಳಲ್ಲಿ ಸ್ವಲ್ಪ ಅಡಗಿರುತ್ತದೆ. ಕಾವಲಿನ ಕೋಶಗಳು ಅಲ್ಲಿಗೆ ಬರುತ್ತವೆ, ಬಂದವು ಹೋಗುವುದಿಲ್ಲ. ಒಂದನ್ನೊಂದು ಕೆರಳಿಸುತ್ತ ಗುಂಪು ಕಟ್ಟುತ್ತವೆ. ಆ ಕೆರಳಿಕೆಗೇ ಆ ಪದ, ಇನ್‌ಫ್ಲಮೇಶನ್. ಕೀವಲ್ಲ, ಸೋಂಕಲ್ಲ. ಇನ್ಸುಲಿನ್ನು ಬಂದು ಸಕ್ಕರೆಗೆ ಬಾಗಿಲು ತೆಗಿ ಎಂದರೆ ಆ ಗಲಾಟೆಯಲ್ಲಿ ಕೋಶಕ್ಕೆ ಕೇಳಿಸುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

"ಹಾಗಾದ್ರೆ ಕಾವಲಿನವರು ಕೆಟ್ಟವರಾ?"

"ಕೆಟ್ಟವರಲ್ಲ. ಬೇರೆ ಕಡೆ ಅವರೇ ನಮ್ಮನ್ನ ಕಾಯೋದು. ಇಲ್ಲಿ ಗುಂಪು ಜಾಸ್ತಿ. ಯಾಕೆ ಇಷ್ಟು ಸೇರ್ತಾರೆ, ಹೇಗೆ ಚದುರಿಸೋದು, ನಮಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ತಾನೇ ಸೂಜಿ ಹಿಡ್ಕೊಂಡು ಬಂದಿದ್ದು?" ಡಾಕ್ಟರು ಬ್ರೆಡ್ಡನ್ನು ಮತ್ತೆ ಕೈಗೆತ್ತಿಕೊಂಡಳು. "ಸೆಲ್ಲೂ ನಿಲ್ಲಿಸ್ಲಿ, ನಡೀಲಿ. ಮುಂದಿನ ವಾರ ನನ್ನ ಹತ್ರ ಕರ್ಕೊಂಡು ಬಾ, ಸಕ್ಕರೆಗೂ ಮಾತ್ರೆ ಬೇಕಾ ನೋಡೋಣ. ಕೆಲ್ತೂಮ್, ನೀನು ಅವತ್ತೇ ನನ್ನ ತೋಳು ಹಿಡಿದು ನಿಲ್ಲಿಸಿ ಕೇಳಬೇಕಿತ್ತು."

"ನಿಮಗೆ ಫೋನ್ ಬಂದಿತ್ತು."

"ನನಗೆ ಯಾವಾಗ ಫೋನ್ ಬರಲ್ಲ ಹೇಳು?"

ವಾಪಸು ಬರುವಾಗ ಟ್ರಾಮಿನಲ್ಲಿ ಅವಳು ತಾಮೂಗೆ ಹೇಳಬೇಕಾದ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೊಂದಿಸಿ ನೋಡಿದಳು. ಆ ಕೆರಳಿಕೆಯನ್ನು ಬೆಂಕಿ ಎಂದರೆ ಹೆದರುತ್ತಾರೆ. ಗಲಾಟೆ ಎಂದರೆ, ಕಾವಲಿನವರು ಗಲಾಟೆ ಮಾಡದೆ ಕಳ್ಳ ಹೇಗೆ ಓಡುತ್ತಾನೆ ಎಂದು ತಿರುಗಿ ಕೇಳುತ್ತಾರೆ. ಯಾವುದೂ ಸರಿಹೋಗಲಿಲ್ಲ.

ಶನಿವಾರ ತಾಮೂ ಹೈ ಮೊಹಮ್ಮದಿ ಬಡಾವಣೆಯಲ್ಲಿ ಒಂದು ಮದುವೆಯ ಅಡುಗೆ ಹಿಡಿದಿದ್ದಳು. ಅದು ಆಕೆಯ ಕಸುಬು. ಆಕೆ ಕೈಯಿಟ್ಟರೆ ಕೋಳಿಯೂ ಒಣದ್ರಾಕ್ಷಿ ಹಾಕಿದ ದನದ ಮಾಂಸವೂ ಊರಿಗೆಲ್ಲ ಸುದ್ದಿಯಾಗುತ್ತಿದ್ದವು. ಸಹಾಯಕ್ಕೆ ಕೆಲ್ತೂಮ್ ಹೋಗುವುದು ರೂಢಿ. ಮನೆಯ ಮೇಲಿನ ತಾರಸಿಯಲ್ಲಿ ದೊಡ್ಡ ಒಲೆಗಳು, ಬಿಸಿಲಿಗೆ ಕಟ್ಟಿದ ಬಟ್ಟೆ. ತಾರಸಿಗೆ ಒಂದೇ ಕಿರಿದಾದ ಮೆಟ್ಟಿಲು. ಆ ಮನೆಯವರಿಗೆ ತಾಮೂ ಅಡುಗೆಯವಳು, ಅಷ್ಟೆ. ಕಳೆದುಹೋದದ್ದರ ಮಾತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೂ ಬಾರದು.

ಮಧ್ಯಾಹ್ನದ ಹೊತ್ತಿಗೆ ಸಹಾಯ ಮಾಡಲು ಬಂದ ನೆಂಟರೇ ಮೆಟ್ಟಿಲ ತುಂಬ ಕೂತಿದ್ದರು. ಮದುಮಗಳ ಸೋದರತ್ತೆಯರು, ದೊಡ್ಡಮ್ಮಂದಿರು, ನೆರೆಯವರು. ಒಬ್ಬಳು ಈರುಳ್ಳಿ ಜಾಸ್ತಿ ಅಂದರೆ ಇನ್ನೊಬ್ಬಳು ಸಾಲದು ಅಂದಳು. ಹಳೆಯ ಒಂದು ನಿಶ್ಚಿತಾರ್ಥದ ಜಗಳ ಎಲ್ಲಿಂದಲೋ ಎದ್ದುಬಂತು. ಕೈಯಲ್ಲಿ ಚಾಕು ಹಿಡಿದವರು ನಾಲ್ವರು, ತರಕಾರಿ ಹೆಚ್ಚುತ್ತಿದ್ದವರು ಯಾರೂ ಇಲ್ಲ.

"ಆಲಿವ್ ಬೀಜ ತೆಗಿ" ಎಂದು ತಾಮೂ ಕೆಲ್ತೂಮಳ ಮುಂದೆ ಬೋಗುಣಿ ಇಟ್ಟಳು. ಇಡುವ ಮೊದಲು ಬೆಣ್ಣೆ ಹಚ್ಚಿದ ರೊಟ್ಟಿಯ ಚೂರೊಂದನ್ನು ಅವಳ ಬಾಯಿಗೆ ತುರುಕಿ, ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. "ಇದು ನಿನಗೆ. ಇದು ಪಟಾಲಮ್ಮಿಗೆ."

ಕೆಲ್ತೂಮ್ ನುಂಗಿ, ದನಿ ತಗ್ಗಿಸಿ, "ಖಾಲ್ತಿ, ನಿಮ್ಮ ಹೊಟ್ಟೆಯೊಳಗಿರೋರ ವಿಷಯ..." ಎಂದಳು.

ಕೊತ್ತಂಬರಿ ಕೇಳಲು ಬಂದಿದ್ದ ಒಬ್ಬ ಸೋದರತ್ತೆ ಅಲ್ಲೇ ನಿಂತಳು. ಕಣ್ಣು ತಾಮೂವಿನ ಹೊಟ್ಟೆಗಿಳಿಯಿತು. "ಲಲ್ಲಾ ತಾಮೂ! ಈ ವಯಸ್ಸಲ್ಲಾ?"

"ದೇವರು ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತೇನಮ್ಮ" ಎಂದಳು ತಾಮೂ, ಮುಖ ಒಂದಿಷ್ಟೂ ಅಲುಗಿಸದೆ. "ಒಂದಲ್ಲ, ಲೆಕ್ಕಕ್ಕೇ ಸಿಗಲ್ವಂತೆ. ಡಾಕ್ಟ್ರು ಗೋಡೆ ಮೇಲೆ ಚಿತ್ರ ತೋರಿಸಿದ್ರು."

ಸೋದರತ್ತೆ ಕೊತ್ತಂಬರಿ ಮರೆತು ಸುದ್ದಿ ಹಂಚಲು ಓಡಿದಳು. ತಾಮೂ ಸೌಟು ಹಿಡಿದು ನಗುತ್ತ ಅಲುಗಿದಳು. ಕೆಲ್ತೂಮಳಿಗೂ ನಗು ಬಂತು, ನಗುತ್ತಲೇ ಅಳುವೂ ಬಂತು. ಇನ್ನು ಇವತ್ತು ಹೇಳುವುದಾಗುವುದಿಲ್ಲ ಎಂದುಕೊಂಡು ತಾರಸಿಯ ಅಂಚಿಗೆ ಹೋಗಿ ಕೆಳಗೆ ನೋಡಿದಳು.

ಬೀದಿಬಾಗಿಲಲ್ಲಿ ಗಂಡಿನ ಕಡೆಯ ಉಡುಗೊರೆ ಬಂದು ನಿಂತಿತ್ತು. ನೀಲಿ ಕಾಗದ ಸುತ್ತಿದ, ಗೋಪುರದ ಹಾಗೆ ಚೂಪಾದ ಸಕ್ಕರೆ ಅಚ್ಚುಗಳು. ಸಕ್ಕರೆ ಅಚ್ಚು ಇಲ್ಲದೆ ಅಲ್ಲಿ ಮದುವೆಯಿಲ್ಲ. ತಂದವರು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು, ದಾರಿ ಬಿಡಿ, ಸಕ್ಕರೆ ಬಂದಿದೆ ಎಂದು ಕೂಗುತ್ತಿದ್ದರು. ಮೆಟ್ಟಿಲ ಮೇಲಿದ್ದವರು ಈರುಳ್ಳಿಯ ಜಗಳದಲ್ಲಿ ಮುಳುಗಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಹಿಂದಿನಿಂದ ಇನ್ನಷ್ಟು ತಟ್ಟೆಗಳು ಬಂದವು. ಹೊಸ್ತಿಲಲ್ಲಿ, ಬೀದಿಯಲ್ಲಿ, ನಿಂತ ಕಾರಿನ ಮೇಲೆ ಸಕ್ಕರೆ ಬಿಸಿಲಲ್ಲಿ ಕೂತಿತ್ತು.

ಕೆಲ್ತೂಮ್ ಎಷ್ಟು ಹೊತ್ತು ನೋಡಿದಳೋ. ಆಮೇಲೆ ಹೋಗಿ ತಾಮೂವಿನ ತೋಳು ಹಿಡಿದಳು. "ಖಾಲ್ತಿ, ಒಂದು ನಿಮಿಷ ಇಲ್ಲಿ ಬನ್ನಿ. ಕೆಳಗೆ ನೋಡಿ."

"ಕೋಳಿ ತಳ ಹಿಡಿಯುತ್ತೆ ಕಣೇ."

"ಹಿಡೀಲಿ. ನೋಡಿ. ನಿಮ್ಮ ಹೊಟ್ಟೇಲಿ ಆಗ್ತಿರೋದು ಇದೇ."

ತಾಮೂ ಬಗ್ಗಿ ನೋಡಿದಳು. "ಮದುವೆ ಆಗ್ತಿದೆಯಾ?"

"ಮೆಟ್ಟಿಲ ಮೇಲಿರೋರು ಕಾವಲಿನವರು. ನಿಮ್ಮ ಕಡೆಯವರೇ, ಸಹಾಯಕ್ಕೇ ಬಂದವರು. ಆದ್ರೆ ಬಂದವರು ಹೋಗ್ಲಿಲ್ಲ, ಗುಂಪಾಗಿ ಕೂತು ಕಿತ್ತಾಡ್ತಿದ್ದಾರೆ. ಸಕ್ಕರೆ ಬಾಗಿಲು ಬಡೀತಿದೆ, ಯಾರಿಗೂ ಕೇಳಿಸ್ತಿಲ್ಲ. ಒಳಗೆ ಬರಬೇಕಾದ ಸಕ್ಕರೆ ಬೀದೀಲಿ ನಿಂತಿದೆ. ಮೊನ್ನೆ ನಾನು ನಿಮ್ಮ ಬೆರಳು ಚುಚ್ಚಿದಾಗ ಸಿಕ್ಕಿದ್ದು ಆ ಬೀದಿಯ ಸಕ್ಕರೆ ಖಾಲ್ತಿ." ಅವಳ ಮಾತು ತೊದಲಿತು. "ಡಾಕ್ಟ್ರು ಅವತ್ತೇ ಹೇಳಿದ್ರು. ಒಂದು ಪದ ನನಗೆ ಗೊತ್ತಿರಲಿಲ್ಲ, ಬಿಟ್ಟುಬಿಟ್ಟೆ. ಕಳೆದುಹೋಗಿದ್ದು ಸಿಕ್ಕಿಲ್ಲ. ಅರ್ಧ ಹೇಳಿದ್ದು ನಾನು, ಅದಕ್ಕೆ ನೀವು ಅವರಿಗೆ ಉಣಬಡಿಸ್ತಾ ಕೂತ್ರಿ."

ತಾಮೂವಿನ ಹೊಟ್ಟೆಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಇಷ್ಟು ದಿನ ಆ ಹೊಟ್ಟೆಯನ್ನು ಹೊತ್ತು ನಡೆಯುವಾಗ ಆಕೆಯ ಮುಖದಲ್ಲಿದ್ದ ಗೆಲುವು ಹೋಗುವುದನ್ನು ಕೆಲ್ತೂಮ್ ನೋಡಬೇಕಾಯಿತು.

"ಸಿಕ್ಕಿಲ್ವಾ?"

"ಇಲ್ಲ ಖಾಲ್ತಿ. ನೀವು ಮಾತ್ರೆ ತಪ್ಪಿಸಿಲ್ಲ, ಅದಕ್ಕೇ ರಕ್ತದಲ್ಲಿ ಕಾವಲು ಚೆನ್ನಾಗಿದೆ. ಇದು ಬೇರೆ."

"ಹಾಗಾದ್ರೆ..." ತಾಮೂ ಸೌಟಿನ ಹಿಡಿಯನ್ನು ಒರೆಸಿದಳು, ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ಅವತ್ತು ನಿನಗೆ ತಿನ್ನಿಸಿದ್ದೂ ತಪ್ಪೇನೇ? ನಿನ್ನ ಹೊಟ್ಟೇಲೂ ನಾನೇ ಇವರನ್ನೆಲ್ಲ ತುಂಬಿಸಿದ್ನಾ?"

ಈ ಪ್ರಶ್ನೆಗೆ ಉತ್ತರವನ್ನು ಕೆಲ್ತೂಮ್ ಕನ್ನಡಿಯ ಮುಂದೆ ಅಭ್ಯಾಸ ಮಾಡಿರಲಿಲ್ಲ.

"ಅವತ್ತು ನನ್ನ ಮನೇಲಿ ಯಾರೂ ಇರಲಿಲ್ಲ ಖಾಲ್ತಿ. ಒಲೆ ಆರಿತ್ತು. ನೀವು ಬಂದು ಒಲೆ ಹಚ್ಚಿದ್ರಿ, ಚಾಪೆ ಹಾಸಿದ್ರಿ. ಖಾಲಿ ಮನೆಗೆ ನೆಂಟರು ಬಂದ್ರೆ ಪುಣ್ಯ ಅಲ್ವಾ? ನಿಮ್ಮ ಮನೇಲಿ ಈಗ ಕಾಲಿಡೋಕೆ ಜಾಗ ಇಲ್ಲ. ಆದ್ರೂ ಓಲೆ ಮೇಲೆ ಓಲೆ ಕಳಿಸಿ ಕರೀತಾನೇ ಇದ್ದೀರಿ."

ತಾಮೂ ತಾರಸಿಯ ಬಾಗಿಲಿಗೆ ಹೋಗಿ, ಸೌಟನ್ನು ಕಂಬಿಗೆ ಢಣಢಣ ಬಡಿದಳು.

"ಏಳ್ರೇ ಎಲ್ಲ! ಕೆಳಗಿಳೀರಿ! ಸಹಾಯ ಸಾಕು! ಸಕ್ಕರೆ ಬೀದೀಲಿ ನಿಂತಿದೆ, ನೀವಿಲ್ಲಿ ಈರುಳ್ಳಿಗೆ ಅಳ್ತಾ ಕೂತಿದ್ದೀರಾ? ಕೈಯಲ್ಲಿ ಕೆಲಸ ಇದ್ದವಳು ಇರ್ಲಿ, ಬಾಯಲ್ಲಿ ಮಾತ್ರ ಇದ್ದವಳು ನಡೀಲಿ!"

"ಬಸುರಿ ಹೆಂಗಸು ಇಷ್ಟು ಸಿಟ್ಟಾಗಬಾರದು" ಎಂದು ಯಾರೋ ಎದ್ದೇಳುತ್ತ ಗೊಣಗಿದರು.

ಮೆಟ್ಟಿಲು ಖಾಲಿಯಾಯಿತು. ನೀಲಿ ಕಾಗದದ ಸಕ್ಕರೆ ಒಂದೊಂದಾಗಿ ಒಳಗೆ ಬಂತು. ತಾಮೂ ಒಲೆಯ ಹತ್ತಿರ ಹೋಗಿ ಕೋಳಿ ಅಡಿಮೇಲು ಮಾಡಿ ಮೂಸಿ ನೋಡಿದಳು. ತಳ ಹಿಡಿದಿರಲಿಲ್ಲ.

"ಆಲಿವ್ ಬೀಜ ಯಾರು ತೆಗೀತಾರೆ, ನಿನ್ನ ಡಾಕ್ಟ್ರಾ?" ಎಂದಳು. ದನಿ ಒರಟಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ಅವಳ ಕಡೆ ತಿರುಗದೆಯೇ, "ಎಲ್ಲರ ಮುಂದೂ ಹೇಳ್ಬೇಕು ನೀನು. ನನ್ನ ಮಾತು ಕೇಳಿ ಮೀಲೂದೂ ಸೆಲ್ಲೂ ಕಲಸಿಟ್ಕೊಂಡಿದ್ದಾನೆ. ಮೂರ್ಖ, ಬೆಣ್ಣೆ ಕಮ್ಮಿ ಹಾಕಿದ್ದಾನೆ ಬೇರೆ" ಎಂದಳು.

ಮುಂದಿನ ಸಭೆಯಲ್ಲಿ ಕೆಲ್ತೂಮ್ ಎದ್ದು ನಿಂತಳು. ಮೆಟ್ಟಿಲು, ನೆಂಟರು, ಸಕ್ಕರೆ ಎಲ್ಲವನ್ನೂ ಹೇಳಿದಳು. ತಾನು ಬಿಟ್ಟ ಪದವನ್ನು ಫ್ರೆಂಚಿನಲ್ಲೇ ಗೋಡೆಯ ಮೇಲೆ ಬರೆದು, ಅದರ ಕೆಳಗೆ ಕೆರಳಿಕೆ ಎಂದು ಬರೆದಳು. ಸಿಕ್ಕಿತ್ತು ಅಂದುಕೊಂಡದ್ದು ಎಲ್ಲರಿಗೂ ಮತ್ತೆ ಕಳೆದುಹೋಯಿತು.

"ಅಂದ್ರೆ ಇಷ್ಟು ದಿನ ನಾನು ತಿಂದಿದ್ದು ದಂಡ?" ಎಂದ ಸೀ ಮೀಲೂದ್.

"ನಿನಗೆ ತಿಂದಿದ್ದು ಯಾವಾಗ ಮೈಗೆ ಹತ್ತಿದೆ?" ತಾಮೂ ಎದ್ದಳು. "ಕೆಲ್ತೂಮ್ ಅವತ್ತು ಸರಿಯಾಗೇ ಹೇಳಿದ್ಲು. ನಾನೇ ಕಿವಿ ಬಿಟ್ಟು ಹೊಟ್ಟೇಲಿ ಕೇಳಿಸ್ಕೊಂಡೆ."

"ಇಲ್ಲ" ಎಂದಳು ಕೆಲ್ತೂಮ್. "ಅರ್ಧ ಹೇಳಿದ್ದೆ."

"ನಾನು ನಿನ್ನ ಪರ ಸುಳ್ಳು ಹೇಳ್ತಿದ್ದೀನಿ, ಸುಮ್ನಿರೇ."

"ಬೇಡ ಖಾಲ್ತಿ. ಇನ್ಮೇಲೆ ನನಗೆ ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತ ಇಲ್ಲೇ ನಿಂತು ಹೇಳ್ತೀನಿ. ಡಾಕ್ಟ್ರು ಕಾಯ್ಲಿ, ಅವರ ಫೋನೂ ಕಾಯ್ಲಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಸೀ ಮೀಲೂದ್ ಮಾತ್ರ ತನ್ನ ಸೆಲ್ಲೂವನ್ನು ಏನು ಮಾಡಲಿ ಎಂದು ಕೇಳುತ್ತಲೇ ಇದ್ದ. ಪಕ್ಕದ ಓಣಿಯಲ್ಲಿ ಬಾಣಂತಿ ಇದ್ದಾಳೆ, ಅದು ಅವಳ ಪಾಲಿನದು, ಮೊದಲು ಬೆಣ್ಣೆ ಸೇರಿಸಿಕೊಡು ಎಂದಳು ತಾಮೂ.

ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಬ್ಬರೂ ಸಂಜೆ ಕಡಲ ದಂಡೆಯ ದಾರಿಯಲ್ಲಿ ನಡೆಯುತ್ತಿದ್ದರು. ಡಾಕ್ಟರು ಕೊಟ್ಟ ಹೊಸ ಮಾತ್ರೆಯ ಜೊತೆಗೆ ಈ ನಡಿಗೆಯೂ ಸೇರಿತ್ತು. ತಾಮೂ ಲೈಟ್‌ಹೌಸಿನ ತನಕ ಬರುತ್ತಿರಲಿಲ್ಲ, ಮಧ್ಯದಲ್ಲೇ ಕಟ್ಟೆಯ ಮೇಲೆ ಕೂತು ಕಡಲನ್ನು ಬೈಯುತ್ತಿದ್ದಳು. ಅಂಕಿ ಇಳಿದಿತ್ತು, ಇಳಿಯಬೇಕಾದಷ್ಟು ಅಲ್ಲ.

"ಹೋದರೇನೇ ಅವರೆಲ್ಲ?"

"ಪೂರ್ತಿ ಹೋಗ್ತಾರೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ ಖಾಲ್ತಿ. ಗದ್ದಲ ಕಮ್ಮಿ ಆದ್ರೆ ಸಾಕು ಅಂತಾರೆ."

"ಮದುವೆಮನೆ ಖಾಲಿ ಆಗೋಕೆ ಟೈಮ್ ಬೇಕು ಕಣೇ. ನಾನು ಎಷ್ಟು ನೋಡಿಲ್ಲ? ಚಪ್ಪಲಿ ಹಾಕ್ಕೊಂಡ ಮೇಲೂ ಬಾಗಿಲಲ್ಲಿ ನಿಂತು ಮಾತಾಡ್ತಾರೆ." ಆಕೆ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದಳು, ಹಳೆಯ ಗೆಲುವಿನಿಂದಲ್ಲ, ಹಠಮಾರಿ ಮಗುವನ್ನು ತಟ್ಟುವ ಹಾಗೆ. "ನಡೀರಪ್ಪಾ. ಹೊತ್ತಾಯ್ತು."

ಆಮೇಲೆ ಜಲ್ಲಾಬಾದ ಜೇಬಿನಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಒಂದು ಚಿಟಿಕೆಗಿಂತ ಸ್ವಲ್ಪ ಹೆಚ್ಚು ಸೆಲ್ಲೂ.

"ಖಾಲ್ತಿ!"

"ನನಗಲ್ಲ ಕಣೇ. ಬಾಯಿ ತೆಗಿ."

"ನನಗೆ ಹಸಿವಿಲ್ಲ."

"ನನಗೆ ಕೇಳಿಸ್ತು" ಎಂದಳು ತಾಮೂ, ಬೆರಳು ಅವಳ ತುಟಿಗಿಡುತ್ತ. "ಸೆಲ್ಲೂಗೆ ಕೇಳಿಸ್ಲಿಲ್ಲ."